ಒಂದೇ ಮೈಯ ಚರ್ಮದಲ್ಲೊಂದು ಚಿತ್ರ, ಮೊಣಗಂಟಿನಲ್ಲಿ ಇನ್ನೊಂದು: ಸೋರಿಯಾಟಿಕ್ ಆರ್ಥ್ರೈಟಿಸ್ ರೋಗಿಯ ಸಿಡಿ ವರದಿಯನ್ನು ಓದುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರದ ಹೈಸ್ಕೂಲೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಜೀವಶಾಸ್ತ್ರ ಕಲಿಸುತ್ತೇನೆ. ನನ್ನ ಅಕ್ಕನಿಗೆ ಹಲವು ವರ್ಷಗಳಿಂದ ಸೋರಿಯಾಸಿಸ್ ಇದೆ. ಮೊಣಕೈಯ ಹಿಂಬದಿಯಲ್ಲೂ ಕೂದಲಿನ ಅಂಚಿನಲ್ಲೂ ಬೆಳ್ಳಗಿನ ಹೊಟ್ಟು ಏಳುವ ದಪ್ಪ ಕಲೆಗಳಿವೆ. ಈಚೆಗೆ ಬಲ ಮೊಣಗಂಟು (ಮಂಡಿ) ಬಾತುಕೊಂಡಿದೆ, ಎಡಗಾಲಿನ ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿಕೊಂಡಿದೆ, ಬೆಳಗ್ಗೆ ಎದ್ದ ಮೇಲೆ ಗಂಟು ಸಡಿಲವಾಗಲು ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಮಂಗಳೂರಿನಲ್ಲಿ ತೋರಿಸಿದಾಗ ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆಗೆ ಬರುವ ಗಂಟುರೋಗ ಎಂದು ಹೇಳಿದರು. ಅಲ್ಲಿ ನಡೆಯುತ್ತಿದ್ದ ಸಂಶೋಧನೆಯೊಂದಕ್ಕೆ ಅಕ್ಕ ಒಪ್ಪಿಗೆ ಕೊಟ್ಟಿದ್ದರಿಂದ, ಔಷಧ ಆರಂಭಿಸುವ ಮೊದಲು ಮೊಣಕೈಯ ಕಲೆಯಿಂದ ಚರ್ಮದ ಒಂದು ಸಣ್ಣ ಚೂರನ್ನೂ ಮೊಣಗಂಟಿನ ಒಳಪೊರೆಯ ಕೆಲವು ಚೂರುಗಳನ್ನೂ ತೆಗೆದು ಪರೀಕ್ಷಿಸಿದರು.

ವರದಿಯ ಪ್ರತಿಯನ್ನು ನಾವು ಕೇಳಿ ಪಡೆದುಕೊಂಡಿದ್ದೇವೆ. ಕೋಶದ ಬಗೆ ಹೇಳುವ ಸಿಡಿ ಗುರುತುಗಳು ಚರ್ಮದಲ್ಲಿ ಹೀಗಿವೆ: ಸಿಡಿ3 ಧಾರಾಳ, ಹೊರಚರ್ಮದೊಳಗೆ ಸಿಡಿ8 ಹೆಚ್ಚು, ಒಳಚರ್ಮದಲ್ಲಿ ಸಿಡಿ4 ಹೆಚ್ಚು, ಸಿಡಿ20 ಅಪರೂಪ. ಮೊಣಗಂಟಿನ ಪೊರೆಯ ಬಗ್ಗೆ: ಸಿಡಿ68 ಧಾರಾಳ, ಸಿಡಿ3 ಮಧ್ಯಮ, ಸಿಡಿ20 ಗುಂಪುಗುಂಪಾಗಿ, ಅವುಗಳ ಸುತ್ತ ಸಿಡಿ138. ರಕ್ತದಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಇನ್ನೊಂದು ಗಂಟುರೋಗಕ್ಕಾಗಿ ನೋಡುವ ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆ್ಯಂಟಿ ಸಿಸಿಪಿ ಎರಡೂ ನೆಗೆಟಿವ್.

ಸಿಡಿ3 ಎಂದರೆ ಎಲ್ಲ ಟಿ ಕೋಶಗಳ ಗುರುತು, ಸಿಡಿ4 ಎಂದರೆ ಸಹಾಯಕ ಟಿ ಕೋಶ, ಸಿಡಿ8 ಎಂದರೆ ಕೊಲ್ಲುವ ಟಿ ಕೋಶ, ಸಿಡಿ20 ಎಂದರೆ ಬಿ ಕೋಶ, ಸಿಡಿ138 ಎಂದರೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶ, ಸಿಡಿ68 ಎಂದರೆ ಕಸ ನುಂಗುವ ಮ್ಯಾಕ್ರೋಫೇಜು, ಇಷ್ಟು ನನಗೆ ಗೊತ್ತು. ಆದರೆ ಒಂದೇ ರೋಗ, ಒಬ್ಬರದೇ ಮೈ, ಒಂದೇ ವಾರದಲ್ಲಿ ತೆಗೆದ ಚೂರುಗಳು. ಹೀಗಿದ್ದೂ ಚರ್ಮದ ವರದಿಯೂ ಗಂಟಿನ ವರದಿಯೂ ಎರಡು ಬೇರೆ ರೋಗಗಳ ವರದಿಗಳಂತೆ ಏಕೆ ಕಾಣುತ್ತವೆ? ಗಂಟಿನಲ್ಲಿ ಬಿ ಕೋಶಗಳ ಗುಂಪು ಇದೆಯೆಂದರೆ ಅದು ನಿಜವಾಗಿ ರುಮಟಾಯ್ಡ್ ಆಗಿರಬಹುದೇ? ಚರ್ಮವನ್ನು ವಾಸಿಮಾಡುವ ಔಷಧ ಗಂಟನ್ನೂ ವಾಸಿಮಾಡುತ್ತದೆ ಎಂದು ನಂಬಬಹುದೇ? ಇವೆಲ್ಲ ರಕ್ತ ಪರೀಕ್ಷೆಯಲ್ಲೇ ತಿಳಿಯುವಂತಿದ್ದರೆ ಗಂಟಿಗೆ ಸೂಜಿ ಹಾಕುವ ಅಗತ್ಯವಾದರೂ ಏನಿತ್ತು ಎಂದು ಅಕ್ಕ ಕೇಳುತ್ತಿದ್ದಾಳೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಮಂಜೇಶ್ವರದಿಂದ, ಪೆಥಾಲಜಿ ಲ್ಯಾಬಿನಲ್ಲಿ ಕೆಲಸ

ಟೀಚರಿಗೆ ನಮಸ್ಕಾರ. ವರದಿಯ ಅರ್ಥವನ್ನು ವೈದ್ಯರು ಹೇಳಲಿ. ಆ ವರದಿ ಹೇಗೆ ತಯಾರಾಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಅರ್ಧದಷ್ಟು ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

ಸಿಡಿ ಸಂಖ್ಯೆ ಎಂಬುದು ಕೋಶದ ಸಂಖ್ಯೆಯಲ್ಲ, ಒಂದು ಪ್ರೊಟೀನಿನ ಸಂಖ್ಯೆ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು (ಒಂದು ಗುರಿಗೆ ಮಾತ್ರ ಅಂಟುವ ಪ್ರೊಟೀನನ್ನು) ಬೇಕಾದಷ್ಟು ತಯಾರಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಪ್ರತಿಯೊಂದು ಪ್ರಯೋಗಾಲಯವೂ ತನ್ನದೇ ಪ್ರತಿಕಾಯಗಳಿಗೆ ತನ್ನದೇ ಹೆಸರಿಟ್ಟುಕೊಂಡಿತ್ತು. ಆ ಅಸ್ತವ್ಯಸ್ತವನ್ನು ಸರಿಪಡಿಸಲು 1982ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಕಾರ್ಯಾಗಾರದಿಂದ ಈ ಸಂಖ್ಯೆಗಳು ಆರಂಭವಾದವು. ಈಗ ಅವು 370ನ್ನು ದಾಟಿವೆ. ಪ್ರೊಟೀನಿನ ಸಂಖ್ಯೆಯಾದ್ದರಿಂದ ಅದೇ ಪ್ರೊಟೀನು ಒಂದಕ್ಕಿಂತ ಹೆಚ್ಚು ಬಗೆಯ ಕೋಶಗಳಲ್ಲಿ ಇರಬಹುದು. ಸಿಡಿ4 ಸಹಾಯಕ ಟಿ ಕೋಶಗಳ ಮೇಲೆ ಗಾಢವಾಗಿಯೂ ಮ್ಯಾಕ್ರೋಫೇಜುಗಳ ಮೇಲೆ ತೆಳುವಾಗಿಯೂ ಇರುತ್ತದೆ. ಹಾಗಾಗಿ ಮ್ಯಾಕ್ರೋಫೇಜು ತುಂಬಿರುವ ಮೊಣಗಂಟಿನ ಪೊರೆಯಲ್ಲಿ ಸಿಡಿ4 ಎಂದು ಎಣಿಸಿದ್ದೆಲ್ಲ ಟಿ ಕೋಶವಲ್ಲ. ಸಿಡಿ68 ಕೂಡ ಹಾಗೆಯೇ. ಅದು ಕೋಶದ ಒಳಗಿನ ಲೈಸೋಸೋಮ್ ಚೀಲಗಳಲ್ಲಿರುವ ಪ್ರೊಟೀನು, ಮ್ಯಾಕ್ರೋಫೇಜಿನಲ್ಲಿ ಧಾರಾಳ, ಆದರೆ ಕೆಲವು ನಾರುಕೋಶಗಳಲ್ಲೂ ತುಸು ಕಾಣಿಸಿಕೊಳ್ಳುತ್ತದೆ.

ತೆಗೆದ ಚೂರನ್ನು ಫಾರ್ಮಲಿನ್‌ನಲ್ಲಿ ಇಟ್ಟು, ಪ್ಯಾರಫಿನ್ ಮೇಣದಲ್ಲಿ ಹುದುಗಿಸಿ, ಸುಮಾರು 4 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ಯುತ್ತೇವೆ. ಫಾರ್ಮಲಿನ್ ಪ್ರೊಟೀನುಗಳನ್ನು ಒಂದಕ್ಕೊಂದು ಬಿಗಿದುಬಿಡುವುದರಿಂದ ಅವನ್ನು ಮತ್ತೆ ಬಿಡಿಸಲು ಸ್ಲೈಡನ್ನು ಸಿಟ್ರೇಟ್ ದ್ರಾವಣದಲ್ಲಿ ಕಾಯಿಸಬೇಕು. ಆಮೇಲೆ ಪ್ರತಿಕಾಯ, ಅದರ ಮೇಲೆ ಬಣ್ಣ ಬರಿಸುವ ಕಿಣ್ವ, ಕೊನೆಗೆ ಆ ಕಿಣ್ವದಿಂದ ಕಂದಾಗುವ ಡಿಎಬಿ ಎಂಬ ರಾಸಾಯನಿಕ. ಪ್ರೊಟೀನು ಇರುವ ಕಡೆ ಕಂದು ಬಣ್ಣ ಮೂಡುತ್ತದೆ. ಉಳಿದ ಕೋಶಕೇಂದ್ರಗಳು ಹಿಮಟಾಕ್ಸಿಲಿನ್‌ನಿಂದ ನೀಲಿಯಾಗುತ್ತವೆ. ಪ್ರತಿಯೊಂದು ಸಲವೂ ಜೊತೆಗೆ ಟಾನ್ಸಿಲ್‌ನ ಒಂದು ಸ್ಲೈಡನ್ನು ಓಡಿಸುತ್ತೇವೆ. ಟಾನ್ಸಿಲ್‌ನಲ್ಲಿ ಟಿ, ಬಿ, ಮ್ಯಾಕ್ರೋಫೇಜು ಮೂರೂ ಇರಬೇಕಾದ ಜಾಗದಲ್ಲೇ ಇರುತ್ತವೆ, ಅಲ್ಲಿ ಬಣ್ಣ ಬಾರದಿದ್ದರೆ ಆ ದಿನದ ಫಲಿತಾಂಶವನ್ನು ನಂಬುವಂತಿಲ್ಲ.

ನಮ್ಮ ಜನರ ಚರ್ಮದ ಮಟ್ಟಿಗೆ ಒಂದು ತೊಡಕು ಇದೆ, ಅದನ್ನು ಪಾಶ್ಚಾತ್ಯ ಪಠ್ಯಗಳು ಒಂದೆರಡು ಸಾಲುಗಳಲ್ಲಿ ಮುಗಿಸುತ್ತವೆ. ಹೊರಚರ್ಮದ ತಳದ ಸಾಲಿನಲ್ಲಿರುವ ಮೆಲನಿನ್ ಕೂಡ ಕಂದು, ಡಿಎಬಿಯೂ ಕಂದು. ಸೂಕ್ಷ್ಮದರ್ಶಕದಲ್ಲಿ ಹತ್ತಿರದಿಂದ ನೋಡಿದರೆ ಮೆಲನಿನ್ ಸಣ್ಣ ಸಣ್ಣ ಕಾಳುಗಳಂತೆ, ಕೋಶಕೇಂದ್ರದ ಮೇಲ್ಬದಿಗೆ ಟೋಪಿ ಇಟ್ಟಂತೆ ಕೂತಿರುತ್ತದೆ. ಸಿಡಿ8 ಬಣ್ಣವಾದರೋ ದುಂಡಗಿನ ಸಣ್ಣ ಕೋಶದ ಅಂಚಿನ ಸುತ್ತ ಉಂಗುರದಂತೆ ಬರುತ್ತದೆ. ಇನ್ನೂ ಕಷ್ಟವೆಂದರೆ ಒಳಚರ್ಮಕ್ಕೆ ಜಾರಿದ ಮೆಲನಿನ್ನನ್ನು ಮ್ಯಾಕ್ರೋಫೇಜುಗಳು ನುಂಗಿಕೊಂಡಿರುತ್ತವೆ, ಅವು ಸಿಡಿ68 ಹಾಕದೆಯೂ ಕಂದಾಗಿ ಕಾಣುತ್ತವೆ. ಇದಕ್ಕೆ ಪರಿಹಾರ ಕೆಂಪು ಬಣ್ಣ ಕೊಡುವ ರಾಸಾಯನಿಕವನ್ನು ಬಳಸುವುದು, ಇಲ್ಲವೇ ಪ್ರತಿಕಾಯ ಹಾಕದ ಒಂದು ಸ್ಲೈಡನ್ನು ಪಕ್ಕದಲ್ಲಿಟ್ಟು ಹೋಲಿಸುವುದು. ನಿಮ್ಮ ವರದಿಯಲ್ಲಿ ಯಾವ ಬಣ್ಣ ಬಳಸಿದ್ದಾರೆ ಎಂದು ನಮೂದಾಗಿದ್ದರೆ ನೋಡಿ.

ಇನ್ನೊಂದು ಮಾತು. ಚರ್ಮದ ಕಲೆ ಕಣ್ಣಿಗೆ ಕಾಣುತ್ತದೆ, ಅದರ ಅತ್ಯಂತ ಚುರುಕಾದ ಭಾಗದಿಂದಲೇ ಚೂರು ತೆಗೆಯಬಹುದು. ಗಂಟಿನೊಳಗೆ ಹಾಗಲ್ಲ. ಒಂದೇ ಮೊಣಗಂಟಿನಲ್ಲಿ ಒಂದು ಮೂಲೆಯ ಪೊರೆ ಉರಿದಿರುತ್ತದೆ, ಎರಡು ಸೆಂಟಿಮೀಟರ್ ಆಚೆ ಸಪ್ಪೆಯಾಗಿರುತ್ತದೆ. ಆದ್ದರಿಂದಲೇ ದೊಡ್ಡ ಗಂಟುಗಳಿಂದ ಸಾಮಾನ್ಯವಾಗಿ ಆರಕ್ಕೆ ಕಡಿಮೆಯಿಲ್ಲದಷ್ಟು ಚೂರು ತೆಗೆಯುತ್ತಾರೆ. ಗಂಟಿನ ವರದಿಯಲ್ಲಿ ‘ಮಧ್ಯಮ’, ‘ಧಾರಾಳ’ ಎಂದು ಬರೆದಿರುವುದು ಹಲವು ಚೂರುಗಳ ಸರಾಸರಿಯೋ, ಒಂದರ ಮಾತೋ ಎಂದು ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಉತ್ತರ: ಹೊಸೂರಿನಿಂದ, ಸಂಧಿರೋಗಗಳ ವೈದ್ಯ

ಟೀಚರ್ ಅವರೇ, ನಿಮ್ಮ ಎರಡನೆಯ ಸಂದೇಹವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಚಿಕಿತ್ಸೆಗೆ ಸಂಬಂಧಿಸಿದ್ದು ಅದೇ.

ಸೋರಿಯಾಟಿಕ್ ಆರ್ಥ್ರೈಟಿಸ್ ಎಂದು ಹೇಳಲು ಸಿಡಿ ಗುರುತುಗಳು ಬೇಕಾಗಿಲ್ಲ. 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಮಾನದಂಡದಲ್ಲಿ, ಉರಿಯೂತವಿರುವ ಗಂಟುನೋವು ಇದ್ದ ಮೇಲೆ, ಈಗ ಇರುವ ಸೋರಿಯಾಸಿಸ್‌ಗೆ 2 ಅಂಕ, ಇಡೀ ಬೆರಳು ಊದಿಕೊಳ್ಳುವುದಕ್ಕೆ 1, ರುಮಟಾಯ್ಡ್ ಫ್ಯಾಕ್ಟರ್ ಇಲ್ಲದಿರುವುದಕ್ಕೆ 1. ಒಟ್ಟು 3 ಬಂದರೆ ಸಾಕು. ನೀವು ಬರೆದಷ್ಟರಿಂದಲೇ ನಿಮ್ಮ ಅಕ್ಕನವರಿಗೆ 4 ಅಂಕಗಳಾಗುತ್ತವೆ. ಉಗುರುಗಳಲ್ಲಿ ಗುಂಡುಸೂಜಿ ಚುಚ್ಚಿದಂತಹ ಸಣ್ಣ ಕುಳಿಗಳಿದ್ದರೆ ಇನ್ನೂ ಒಂದು.

ಇನ್ನು ಬಿ ಕೋಶಗಳ ಗುಂಪು. ಅದು ರುಮಟಾಯ್ಡ್ ರೋಗದ ಸ್ವತ್ತು ಎಂದು ಒಂದು ಕಾಲದಲ್ಲಿ ಭಾವಿಸಿದ್ದರು. ಸೋರಿಯಾಟಿಕ್ ಆರ್ಥ್ರೈಟಿಸಿನ ಪೊರೆಯಲ್ಲೂ ಅಂತಹ ಗುಂಪುಗಳು ಕಾಣಿಸುತ್ತವೆ ಎಂಬುದು ಬಳಿಕ ಸ್ಪಷ್ಟವಾಯಿತು. ಎರಡೂ ರೋಗಗಳ ಪೊರೆಗಳನ್ನು ಪಕ್ಕದಲ್ಲಿಟ್ಟರೆ ಟಿ ಕೋಶ, ಬಿ ಕೋಶ, ಮ್ಯಾಕ್ರೋಫೇಜು ಎಲ್ಲವೂ ಎರಡರಲ್ಲೂ ಇರುತ್ತವೆ. ಸರಾಸರಿಯಲ್ಲಿ ವ್ಯತ್ಯಾಸಗಳಿವೆ: ಸೋರಿಯಾಟಿಕ್ ಗಂಟಿನಲ್ಲಿ ರಕ್ತನಾಳಗಳು ಹೆಚ್ಚು, ಅವು ಸುರುಳಿಸುರುಳಿಯಾಗಿ ಬಳುಕಿರುತ್ತವೆ, ರುಮಟಾಯ್ಡ್‌ನಲ್ಲಿ ನೇರವಾಗಿ ಕವಲೊಡೆಯುತ್ತವೆ. ಆದರೆ ಒಬ್ಬ ರೋಗಿಯ ಒಂದು ಚೂರನ್ನು ಹಿಡಿದು ಇದು ಇಂತಹದ್ದೇ ಎಂದು ಸಿಡಿ ಗುರುತುಗಳಿಂದ ತೀರ್ಪು ಕೊಡುವಂತಿಲ್ಲ.

ಬಿ ಕೋಶ ಕಂಡಿತೆಂದು ಬಿ ಕೋಶವನ್ನೇ ಗುರಿಯಾಗಿಸಬೇಕು ಎನ್ನುವ ತರ್ಕವೂ ಅಷ್ಟು ಸರಳವಲ್ಲ. ಸಿಡಿ20 ಇರುವ ಕೋಶಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ರುಮಟಾಯ್ಡ್ ರೋಗದಲ್ಲಿ ಉಪಯುಕ್ತ ಔಷಧ. ಸೋರಿಯಾಟಿಕ್ ಆರ್ಥ್ರೈಟಿಸಿಗೆ ಅದಕ್ಕೆ ಅನುಮೋದನೆಯೇ ಇಲ್ಲ. ರುಮಟಾಯ್ಡ್‌ನಲ್ಲಿಯೂ ಪೊರೆಯನ್ನು ನೋಡಿ ಔಷಧ ಆರಿಸುವ ಪ್ರಯತ್ನ ನಡೆದಿದೆ. 2021ರಲ್ಲಿ ಪ್ರಕಟವಾದ ಆರ್4ಆರ್‌ಎ ಎಂಬ ಅಧ್ಯಯನದಲ್ಲಿ 164 ರೋಗಿಗಳ ಪೊರೆಯನ್ನು ತೆಗೆದು, ಬಿ ಕೋಶ ಕಡಿಮೆ ಇದ್ದವರಲ್ಲಿ ಟೊಸಿಲಿಜುಮ್ಯಾಬ್ ಎಂಬ ಇನ್ನೊಂದು ಔಷಧ ಮೇಲೋ ರಿಟುಕ್ಸಿಮ್ಯಾಬ್ ಮೇಲೋ ಎಂದು ನೋಡಿದರು. ಸೂಕ್ಷ್ಮದರ್ಶಕದಲ್ಲಿ ಬಣ್ಣ ನೋಡಿ ವಿಂಗಡಿಸಿದಾಗ ಗುಣ ಕಂಡವರು 56 ಮತ್ತು 45 ಶೇಕಡಾ, ಅದು ಖಚಿತವೆನ್ನಬಹುದಾದ ವ್ಯತ್ಯಾಸವಲ್ಲ. ಅದೇ ಪೊರೆಯ ಆರ್‌ಎನ್‌ಎ ಅಳೆದು ವಿಂಗಡಿಸಿದಾಗ 63 ಮತ್ತು 36 ಶೇಕಡಾ, ಅದು ಖಚಿತ ವ್ಯತ್ಯಾಸ. ಕಣ್ಣಿನ ಎಣಿಕೆ ತಪ್ಪೆಂದು ಇದರ ಅರ್ಥವಲ್ಲ. ಕಣ್ಣು ಹಿಡಿಯದಿರುವ ವಿಷಯ ಪೊರೆಯಲ್ಲಿದೆ ಎಂದು ಮಾತ್ರ.

ಚರ್ಮಕ್ಕೂ ಗಂಟಿಗೂ ಒಂದೇ ಔಷಧ ಸಮನಾಗಿ ಹಿಡಿಯುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಹಿಡಿಯುತ್ತದೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಇಂಟರ್‌ಲೂಕಿನ್-17 ಎಂಬ ಉರಿಯೂತದ ಸಂಕೇತ ಪ್ರೊಟೀನನ್ನು ತಡೆಯುವ ಇಕ್ಸೆಕಿಜುಮ್ಯಾಬನ್ನು, ಅಂತಹದ್ದೇ ಇನ್ನೊಂದಾದ ಟಿಎನ್‌ಎಫ್ ತಡೆಯುವ ಅಡಲಿಮುಮ್ಯಾಬಿನ ಎದುರಿಗೆ ನೇರವಾಗಿ ಹೋಲಿಸಿದ ಅಧ್ಯಯನವೊಂದು 566 ಸೋರಿಯಾಟಿಕ್ ಆರ್ಥ್ರೈಟಿಸ್ ರೋಗಿಗಳಲ್ಲಿ ನಡೆಯಿತು. 24 ವಾರಗಳಲ್ಲಿ ಚರ್ಮ ಸಂಪೂರ್ಣ ತಿಳಿಯಾದವರು ಕ್ರಮವಾಗಿ 60 ಮತ್ತು 47 ಶೇಕಡಾ. ಗಂಟಿನ ತೊಂದರೆ ಅರ್ಧಕ್ಕರ್ಧ ಇಳಿದವರು 51 ಮತ್ತು 47 ಶೇಕಡಾ. ಚರ್ಮದಲ್ಲಿ ಎರಡು ಔಷಧಗಳ ನಡುವೆ ಎದ್ದು ಕಾಣುವ ಅಂತರವಿದೆ, ಗಂಟಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಚರ್ಮ ಪೂರ್ತಿ ತಿಳಿಯಾದ ಮೇಲೂ ಗಂಟು ಬಾತೇ ಇರುವ ರೋಗಿಗಳನ್ನು ನಾವು ಹೊರರೋಗಿ ವಿಭಾಗದಲ್ಲಿ ನೋಡುತ್ತಲೇ ಇರುತ್ತೇವೆ. ಚರ್ಮವನ್ನು ನೋಡಿ ಗಂಟು ಸರಿಹೋಗಿದೆ ಎಂದು ಊಹಿಸಿ ಔಷಧ ನಿಲ್ಲಿಸುವುದು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಡೆ.

ಕೇರಳದಲ್ಲಿ 2006 ಮತ್ತು 2007ರಲ್ಲಿ ಚಿಕೂನ್‌ಗುನ್ಯಾ ವ್ಯಾಪಕವಾಗಿ ಹಬ್ಬಿದ ಮೇಲೆ ನಿಮ್ಮ ಕಡೆಯ ಜನ ಎಲ್ಲ ಗಂಟುನೋವನ್ನೂ ಅದರ ಲೆಕ್ಕಕ್ಕೆ ಹಾಕುವುದುಂಟು. ಆ ಜ್ವರದ ನಂತರದ ಗಂಟುನೋವು ತಿಂಗಳುಗಟ್ಟಲೆ ಉಳಿಯುವುದು ನಿಜ, ಆದರೆ ಇಡೀ ಬೆರಳು ಊದುವುದೂ ಚರ್ಮದ ಕಲೆಯೂ ಒಟ್ಟಿಗಿರುವಾಗ ಆ ದಾರಿಯಲ್ಲಿ ಸಮಯ ಕಳೆಯಬಾರದು. ಟಿಎನ್‌ಎಫ್ ತಡೆಯುವ ಔಷಧ ಆರಂಭಿಸುವುದಾದರೆ ಮೊದಲು ಕ್ಷಯರೋಗದ ಪರೀಕ್ಷೆ ಆಗಿರಲೇಬೇಕು.

ಪ್ರಶ್ನೆ ಕೇಳಿದವರಿಂದ: ಬದಿಯಡ್ಕದ ಟೀಚರ್

ಇಬ್ಬರಿಗೂ ಕೃತಜ್ಞತೆಗಳು. ವರದಿಯನ್ನು ಮತ್ತೆ ನೋಡಿದೆ; ಚರ್ಮಕ್ಕೆ ಕೆಂಪು ಬಣ್ಣವನ್ನೂ ಗಂಟಿಗೆ ಡಿಎಬಿಯನ್ನೂ ಬಳಸಿದ್ದಾಗಿ ಬರೆದಿದ್ದಾರೆ. ಔಷಧದ ವಿಚಾರ ಸ್ಪಷ್ಟವಾಯಿತು. ಆದರೆ ಚರ್ಮಕ್ಕೂ ಗಂಟಿಗೂ ಹೀಗೆ ವ್ಯತ್ಯಾಸ ಏಕೆ ಎಂಬ ನನ್ನ ಮೊದಲ ಪ್ರಶ್ನೆ ಹಾಗೆಯೇ ಉಳಿದಿದೆ. ರಕ್ತದಲ್ಲಿ ಹರಿಯುವ ಟಿ ಕೋಶಗಳೇ ಅಲ್ಲವೇ ಎರಡೂ ಕಡೆಗೆ ಹೋಗುವುದು?

ಉತ್ತರ: ಅಕ್ಕಲಕೋಟೆಯಿಂದ, ಇಮ್ಯುನಾಲಜಿ ಸಂಶೋಧನೆ

ಟೀಚರ್ ಅವರಿಗೆ ಶರಣು. ನಿಮ್ಮ ಕೊನೆಯ ವಾಕ್ಯದಲ್ಲಿಯೇ ವಿಷಯದ ತಿರುಳು ಇದೆ. ರಕ್ತದಲ್ಲಿ ಹರಿಯುವ ಟಿ ಕೋಶಗಳು ಇಡೀ ಸೈನ್ಯವಲ್ಲ. ವಯಸ್ಕರೊಬ್ಬರ ಆರೋಗ್ಯವಂತ ಚರ್ಮದಲ್ಲಿ ಸುಮಾರು 2,000 ಕೋಟಿ ಟಿ ಕೋಶಗಳಿವೆ ಎಂದು ಅಂದಾಜು ಮಾಡಲಾಗಿದೆ; ಅದು ರಕ್ತದಲ್ಲಿರುವುದರ ಹೆಚ್ಚುಕಡಿಮೆ ಎರಡರಷ್ಟು. ಇವುಗಳಲ್ಲಿ ಬಹಳಷ್ಟು ಕೋಶಗಳು ಒಮ್ಮೆ ಒಳಹೊಕ್ಕ ಮೇಲೆ ಹೊರಗೆ ಬರುವುದಿಲ್ಲ. ಅಂತಹ ನೆಲೆಸಿದ ನೆನಪುಕೋಶಗಳನ್ನು ಗುರುತಿಸಲು ಸಿಡಿ69 ಮತ್ತು ಸಿಡಿ103 ಎಂಬ ಎರಡು ಗುರುತುಗಳನ್ನು ನೋಡುತ್ತೇವೆ. ಸಿಡಿ69 ಕೋಶಕ್ಕೆ ಹೊರದಾರಿ ತೋರಿಸುವ ಗ್ರಾಹಿಯನ್ನು ಕೆಳಗೆಳೆದುಬಿಡುತ್ತದೆ. ಸಿಡಿ103 ಹೊರಚರ್ಮದ ಕೋಶಗಳ ಮೇಲಿರುವ ಇ-ಕ್ಯಾಡೆರಿನ್ ಎಂಬ ಪ್ರೊಟೀನನ್ನು ಹಿಡಿದುಕೊಳ್ಳುತ್ತದೆ. ಕಲೆ ಔಷಧದಿಂದ ಮಾಯವಾದ ಮೇಲೂ ಈ ಕೋಶಗಳು ಅಲ್ಲಿಯೇ ಉಳಿದಿರುತ್ತವೆ, ಆದ್ದರಿಂದಲೇ ಔಷಧ ಬಿಟ್ಟಾಗ ಸೋರಿಯಾಸಿಸ್ ಬಹಳ ಸಲ ಹಳೆಯ ಜಾಗದಲ್ಲಿಯೇ ಮರಳಿ ಏಳುತ್ತದೆ.

ಈಗ ಮೊಣಗಂಟಿಗೆ ಬನ್ನಿ. ಗಂಟಿನ ಒಳಪೊರೆ ಚರ್ಮದಂತಹ ಹೊದಿಕೆಯಲ್ಲ. ಅದರ ಒಳಮೈಯಲ್ಲಿ ಒಂದೆರಡು ಸಾಲು ಮ್ಯಾಕ್ರೋಫೇಜು ಮತ್ತು ನಾರುಕೋಶಗಳು ಮಾತ್ರ ಇರುತ್ತವೆ, ಅವುಗಳ ಕೆಳಗೆ ಚರ್ಮದಲ್ಲಿರುವಂತಹ ಆಧಾರಪೊರೆ ಇಲ್ಲ. ಚರ್ಮದ ಸಿಡಿ8 ಕೋಶಕ್ಕೆ ಕೂರಲು ಹೊರಚರ್ಮ ಎಂಬ ಮಹಡಿ ಇದೆ, ಗಂಟಿನಲ್ಲಿ ಆ ಮಹಡಿಯೇ ಇಲ್ಲ. ಹೀಗಾಗಿ ನಿಮ್ಮ ವರದಿಯ ಚರ್ಮದ ಭಾಗದಲ್ಲಿ ‘ಹೊರಚರ್ಮದೊಳಗೆ ಸಿಡಿ8’ ಎಂಬುದು ಒಂದು ಸ್ಪಷ್ಟ ಚಿತ್ರವಾಗಿ ಕಂಡರೆ, ಗಂಟಿನಲ್ಲಿ ಅದೇ ಬಗೆಯ ಕೋಶಗಳಿದ್ದರೂ ಪೊರೆಯಲ್ಲಿ ಚದುರಿಹೋಗಿ ಸಿಡಿ68ರ ಗದ್ದಲದಲ್ಲಿ ಮುಚ್ಚಿಹೋಗುತ್ತವೆ.

ಅವು ಅಲ್ಲಿವೆಯೇ? ಇವೆ, ಮುಖ್ಯವಾಗಿ ಗಂಟಿನ ನೀರಿನಲ್ಲಿ. ಇಂಟರ್‌ಲೂಕಿನ್-17 ತಯಾರಿಸುವ ಸಿಡಿ8 ಕೋಶಗಳು ಸೋರಿಯಾಟಿಕ್ ಆರ್ಥ್ರೈಟಿಸಿನ ಗಂಟಿನ ನೀರಿನಲ್ಲಿ ಅದೇ ರೋಗಿಯ ರಕ್ತಕ್ಕಿಂತ ಹೆಚ್ಚಿವೆ, ರುಮಟಾಯ್ಡ್ ಗಂಟಿನಲ್ಲಿ ಹಾಗಿಲ್ಲ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಗುಂಪು 2014ರಲ್ಲಿ ತೋರಿಸಿತು. 2020ರಲ್ಲಿ ಒಂದೊಂದೇ ಕೋಶದ ಆರ್‌ಎನ್‌ಎ ಓದಿದ ಇನ್ನೊಂದು ಅಧ್ಯಯನ, ಗಂಟಿನ ನೀರಿನ ಸಿಡಿ8 ಕೋಶಗಳಲ್ಲಿ ಒಂದೇ ಗ್ರಾಹಿಯುಳ್ಳ ಕುಲಗಳು ಹಿಗ್ಗಿಕೊಂಡಿರುವುದನ್ನೂ, ಅವು ಸಿಎಕ್ಸ್‌ಸಿಆರ್3 ಎಂಬ ಗುರುತನ್ನು ಹೊತ್ತಿರುವುದನ್ನೂ, ಆ ಗುರುತನ್ನು ಸೆಳೆಯುವ ಸಂಕೇತಗಳು ಗಂಟಿನ ನೀರಿನಲ್ಲಿ ಏರಿರುವುದನ್ನೂ ಕಂಡಿತು. ಒಂದೇ ಕುಲ ಹಿಗ್ಗಿದೆ ಎಂದರೆ ಅವು ಅಲ್ಲಿ ಯಾವುದೋ ಒಂದು ವಸ್ತುವನ್ನು ಗುರುತಿಸಿ ಬೆಳೆದಿವೆ ಎಂದು ಊಹಿಸಬೇಕಾಗುತ್ತದೆ. ಸಿಡಿ8ರ ಕಡೆ ಬೆರಳು ತೋರಿಸುವ ಹಳೆಯ ಸಾಕ್ಷ್ಯವೂ ಒಂದಿದೆ: ಎಚ್‌ಐವಿ ಸೋಂಕಿನಲ್ಲಿ ಸಿಡಿ4 ಕೋಶಗಳು ಕುಸಿಯುವಾಗ ರುಮಟಾಯ್ಡ್ ರೋಗ ಸಾಮಾನ್ಯವಾಗಿ ತಣ್ಣಗಾಗುತ್ತದೆ, ಸೋರಿಯಾಸಿಸ್ ಮತ್ತು ಅದರ ಗಂಟುನೋವು ಉಲ್ಬಣಿಸಬಹುದು.

ಹಾಗಿದ್ದರೆ ಇಂಟರ್‌ಲೂಕಿನ್-17ರ ಪರಿಣಾಮ ಎರಡೂ ಕಡೆ ಏಕೆ ಸಮನಾಗಿಲ್ಲ? ಸೋರಿಯಾಟಿಕ್ ಆರ್ಥ್ರೈಟಿಸ್ ರೋಗಿಗಳ ಚರ್ಮ ಮತ್ತು ಪೊರೆಯ ಜೀನ್ ಚಟುವಟಿಕೆಯನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಕೆಲಸದಲ್ಲಿ ಇಂಟರ್‌ಲೂಕಿನ್-17ರ ಛಾಪು ಚರ್ಮದಲ್ಲಿಯೇ ಹೆಚ್ಚು ಗಾಢವಾಗಿತ್ತು. ಚರ್ಮದ ಹೊರಕೋಶಗಳು ಇಂಟರ್‌ಲೂಕಿನ್-17 ಸೋಕಿದೊಡನೆ ಜೋರಾಗಿ ಪ್ರತಿಕ್ರಿಯಿಸಿ ನ್ಯೂಟ್ರೋಫಿಲು ಎಂಬ ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಗಂಟಿನಲ್ಲಿ ಆ ಹೊರಕೋಶಗಳಿಲ್ಲ. ಹೊಸೂರಿನ ವೈದ್ಯರು ಕೊಟ್ಟ 60 ಮತ್ತು 51ರ ಅಂಕಿಗಳನ್ನು ಇದರ ಜೊತೆಗಿಟ್ಟು ನೋಡಿದರೆ ನನಗೆ ಅವು ಒಂದೇ ಸಂಗತಿಯ ಎರಡು ಮಗ್ಗುಲುಗಳಾಗಿ ಕಾಣುತ್ತವೆ.

ಮಂಜೇಶ್ವರದವರು ಹೇಳಿದ ಎಚ್ಚರಿಕೆಗೆ ನಾನು ಇನ್ನೊಂದನ್ನು ಸೇರಿಸಬೇಕು. ಒಂದು ಕೋಶದಲ್ಲಿ ಒಂದು ಪ್ರೊಟೀನು ಕಂಡಿತೆಂದ ಮಾತ್ರಕ್ಕೆ ಅದನ್ನು ಆ ಕೋಶವೇ ತಯಾರಿಸಿತು ಎಂದು ಹೇಳುವಂತಿಲ್ಲ. 2012ರಲ್ಲಿ ಈ ಬಗೆಯ ಗಂಟುನೋವಿನ ಪೊರೆಯಲ್ಲಿ ಇಂಟರ್‌ಲೂಕಿನ್-17 ತುಂಬಿದ ಮಾಸ್ಟ್ ಕೋಶಗಳು (ಅಲರ್ಜಿಯಲ್ಲಿ ಪಾತ್ರವಹಿಸುವ ರಕ್ಷಣಾಕೋಶಗಳು) ಧಾರಾಳವಾಗಿ ಸಿಕ್ಕಿದವು. ಅವುಗಳನ್ನು ಸಿಡಿ117 ಗುರುತಿನಿಂದ ಪತ್ತೆಹಚ್ಚುತ್ತಾರೆ. ಮಾಸ್ಟ್ ಕೋಶಗಳೇ ಮೂಲ ಎಂದು ಆಗ ಅನೇಕರು ತಿಳಿದರು. ಅದೇ ಗುಂಪು 2016ರಲ್ಲಿ ತೋರಿಸಿದ್ದೇನೆಂದರೆ, ಮಾಸ್ಟ್ ಕೋಶಗಳು ಹೊರಗಿನ ಇಂಟರ್‌ಲೂಕಿನ್-17ನ್ನು ಹೀರಿ ಒಳಗಿಟ್ಟುಕೊಂಡು ಬೇಕಾದಾಗ ಹೊರಬಿಡಬಲ್ಲವು. ಬಣ್ಣ ಸುಳ್ಳು ಹೇಳಿರಲಿಲ್ಲ, ಆದರೆ ಬಣ್ಣದಿಂದ ಉತ್ಪಾದನೆಗೂ ಸಂಗ್ರಹಕ್ಕೂ ಇರುವ ಭೇದ ತಿಳಿಯುವಂತಿರಲಿಲ್ಲ. ಹಾಗೆಯೇ ನಿಮ್ಮ ವರದಿಯಲ್ಲಿ ಸಿಡಿ3 ಎಣಿಕೆ ಸಿಡಿ4 ಮತ್ತು ಸಿಡಿ8ರ ಮೊತ್ತಕ್ಕಿಂತ ಹೆಚ್ಚಿದ್ದರೆ ಅದನ್ನು ಲ್ಯಾಬಿನ ತಪ್ಪೆಂದು ತಳ್ಳಿಹಾಕಬೇಡಿ. ಸಿಡಿ4 ಇಲ್ಲದ, ಸಿಡಿ8 ಇಲ್ಲದ ಟಿ ಕೋಶಗಳೂ ಇವೆ. ಸ್ನಾಯುರಜ್ಜು ಎಲುಬಿಗೆ ಅಂಟುವ ಜಾಗದಲ್ಲಿ ನೆಲೆಸಿ ಇಂಟರ್‌ಲೂಕಿನ್-23ಕ್ಕೆ ಓಗೊಡುವ ಅಂತಹ ಕೋಶಗಳನ್ನು 2012ರಲ್ಲಿ ಇಲಿಗಳಲ್ಲಿ ಕಂಡುಕೊಂಡರು.

ಇನ್ನು ನಿಮ್ಮ ಅಕ್ಕನವರ ಪ್ರಶ್ನೆ, ರಕ್ತ ಪರೀಕ್ಷೆ ಸಾಲದೇ ಎಂಬುದು. 1990ರ ದಶಕದಲ್ಲಿ ರುಮಟಾಯ್ಡ್ ರೋಗಿಗಳಿಗೆ ಸಿಡಿ4 ಕೋಶಗಳನ್ನು ನಾಶಮಾಡುವ ಪ್ರತಿಕಾಯವನ್ನು ಕೊಟ್ಟು ನೋಡಿದರು. ರಕ್ತದಲ್ಲಿ ಸಿಡಿ4 ಎಣಿಕೆ ಪಾತಾಳಕ್ಕಿಳಿದು ಬಹುಕಾಲ ಹಾಗೆಯೇ ಉಳಿಯಿತು, ಆದರೆ ಗಂಟಿನ ಪೊರೆಯಲ್ಲಿ ಟಿ ಕೋಶಗಳು ಉಳಿದಿದ್ದವು, ನೋವು ಇಳಿಯಲಿಲ್ಲ. ಬೀದಿಯಲ್ಲಿ ಹೋಗುವವರನ್ನು ಎಣಿಸಿ ಮನೆಯೊಳಗೆ ಯಾರಿದ್ದಾರೆಂದು ಹೇಳಲಾಗದು. ಸಿಡಿ ಗುರುತನ್ನೇ ಔಷಧದ ಗುರಿಯಾಗಿಸಿ ಗೆದ್ದ ಉದಾಹರಣೆಯೂ ನಮ್ಮ ನೆರೆಯಲ್ಲೇ ಇದೆ: ಟಿ ಕೋಶಗಳ ಮೇಲಿನ ಸಿಡಿ6ನ್ನು ಹಿಡಿಯುವ ಇಟೊಲಿಜುಮ್ಯಾಬ್‌ಗೆ 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್ ಚಿಕಿತ್ಸೆಗಾಗಿ ಅನುಮೋದನೆ ದೊರೆಯಿತು, ಅದನ್ನು ತಯಾರಿಸಿದ್ದು ಬೆಂಗಳೂರಿನ ಬಯೋಕಾನ್. ಅದು ಟಿ ಕೋಶವನ್ನು ಕೊಲ್ಲುವುದಿಲ್ಲ, ಅದರ ಚುರುಕನ್ನು ತಗ್ಗಿಸುತ್ತದೆ. ಇದಕ್ಕೆ ಪ್ರತಿಯಾಗಿ ಸಿಡಿ11ಎ ತಡೆಯುವ ಎಫಲಿಜುಮ್ಯಾಬ್ 2003ರಲ್ಲಿ ಸೋರಿಯಾಸಿಸ್‌ಗೆ ಬಂದು, ಮಿದುಳಿನ ಮಾರಕ ಸೋಂಕಿನ ಪ್ರಕರಣಗಳ ಕಾರಣದಿಂದ 2009ರಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲ್ಪಟ್ಟಿತು. ಅದನ್ನು ಪಡೆಯುತ್ತಿದ್ದ ಕೆಲವರಲ್ಲಿ ಚರ್ಮ ಗುಣವಾಗುತ್ತಿದ್ದಂತೆಯೇ ಗಂಟುನೋವು ಹೊಸದಾಗಿ ಕಾಣಿಸಿಕೊಂಡದ್ದೂ ವರದಿಯಾಗಿದೆ.

ಉತ್ತರ: ತಾಳವಾಡಿಯಿಂದ, ರೋಗಿ

ಟೀಚರ್ ಅವರೇ, ನನಗೂ ಇದೇ ಕಾಯಿಲೆ. ಅಕ್ಕನವರಿಗೆ ಹೇಳಿ, ಔಷಧ ಆರಂಭಿಸಿದ ಮೇಲೆ ಹೋಲಿಸಿ ನೋಡಲು ಎರಡನೆಯ ಸಲ ಗಂಟಿನ ಚೂರು ಕೇಳಿದರೆ ಹೆದರಬೇಕಾಗಿಲ್ಲ. ನನಗೆ ಮಂಡಿಯ ಪಕ್ಕದಲ್ಲಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ಪರದೆಯನ್ನು ನೋಡುತ್ತ ದಪ್ಪನೆಯ ಸೂಜಿಯಿಂದ ತೆಗೆದರು. ನೋವಿಗಿಂತ ಒಳಗಿನಿಂದ ಒತ್ತಿದಂತಹ ಅನುಭವವೇ ಹೆಚ್ಚು. ಒಂದೆರಡು ದಿನ ಭಾರ ಎತ್ತಬೇಡಿ, ಮಂಡಿ ಕೆಂಪಾಗಿ ಜ್ವರ ಬಂದರೆ ಕೂಡಲೇ ಬನ್ನಿ ಎಂದು ಹೇಳಿ ಕಳಿಸಿದರು. ಕೊಯಮತ್ತೂರಿನಲ್ಲಿ ಕೊಟ್ಟ ಒಪ್ಪಿಗೆ ಪತ್ರ ತಮಿಳಿನಲ್ಲಿತ್ತು. ಮಾತನಾಡಲು ಬರುವ ಭಾಷೆಯೇ ಆದರೂ ಓದಲು ನನಗೆ ಬಾರದು. ಕನ್ನಡದಲ್ಲಿ ಓದಿ ಹೇಳುವವರು ಬರುವವರೆಗೆ ಸಹಿ ಹಾಕುವುದಿಲ್ಲ ಎಂದಾಗ ಅವರು ಬೇಸರಿಸಲಿಲ್ಲ, ಚಾಮರಾಜನಗರದ ಕಡೆಯ ಒಬ್ಬ ನರ್ಸಮ್ಮನನ್ನು ಕರೆಸಿದರು.

ಉತ್ತರ: ಮಂಜೇಶ್ವರದಿಂದ, ಪೆಥಾಲಜಿ ಲ್ಯಾಬಿನಲ್ಲಿ ಕೆಲಸ

ತಾಳವಾಡಿಯವರು ಮಾಡಿದ್ದು ಸರಿಯಾದ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯ ಪ್ರಕಾರ ಭಾಗವಹಿಸುವವರಿಗೆ ತಿಳಿಯುವ ಭಾಷೆಯಲ್ಲಿಯೇ ವಿವರ ಕೊಡಬೇಕು, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕು ಅವರಿಗಿರುತ್ತದೆ.

ಅಕ್ಕಲಕೋಟೆಯವರ ವಿವರಣೆಯನ್ನು ಮೆಚ್ಚಿದೆ, ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಗಂಟಿನ ನೀರಿನಲ್ಲಿ ಕಂಡದ್ದನ್ನು ಪೊರೆಗೂ ಅನ್ವಯಿಸುವಾಗ ಎಚ್ಚರ ಬೇಕು. ನೀರಿನಲ್ಲಿ ತೇಲುವ ಕೋಶಗಳಿಗೂ ಪೊರೆಯಲ್ಲಿ ಬೇರೂರಿದ ಕೋಶಗಳಿಗೂ ಪ್ರಮಾಣದಲ್ಲಿ ಬಹಳ ಅಂತರವಿರುತ್ತದೆ. ನ್ಯೂಟ್ರೋಫಿಲುಗಳು ನೀರಿನಲ್ಲಿ ತುಂಬಿ ತುಳುಕುತ್ತಿದ್ದರೂ ಪೊರೆಯಲ್ಲಿ ಬೆರಳೆಣಿಕೆಯಷ್ಟೇ ಇರುವ ಸ್ಲೈಡುಗಳನ್ನು ನಾನು ದಿನವೂ ನೋಡುತ್ತೇನೆ. ಪೊರೆಯ ಸ್ಲೈಡಿನಲ್ಲಿ ಸಿಡಿ8 ಮತ್ತು ಸಿಡಿ103 ಎರಡನ್ನೂ ಎರಡು ಬಣ್ಣಗಳಲ್ಲಿ ಒಟ್ಟಿಗೆ ಹಾಕಿ ನೋಡಿದರೆ ಮಾತ್ರ ಅವು ಅಲ್ಲಿ ನೆಲೆಸಿದವೋ ಹಾದುಹೋಗುವವೋ ಎಂದು ಹೇಳಲು ಬರುತ್ತದೆ.

ಟೀಚರೇ, ಎರಡನೆಯ ಸಲ ಚೂರು ಕೊಡುವ ನಿರ್ಧಾರ ಅಕ್ಕನದೇ. ಕೊಡುವುದಾದರೆ ಕೆಲವು ವಿಷಯಗಳನ್ನು ಮೊದಲೇ ಮಾತನಾಡಿಕೊಳ್ಳಿ. ಚರ್ಮದ ಚೂರನ್ನು ಮೊದಲಿನ ಕಲೆಯಿಂದಲೇ, ಹಳೆಯ ಗಾಯದ ಗುರುತಿನಿಂದ ದೂರದಲ್ಲಿ ತೆಗೆಯಬೇಕು. ಹಳೆಯ ಗಾಯದಲ್ಲಿ ಮಾಯುವ ಕೆಲಸಕ್ಕೆ ಬಂದ ಮ್ಯಾಕ್ರೋಫೇಜುಗಳು ಲೆಕ್ಕ ಕೆಡಿಸುತ್ತವೆ. ಆ ಕಲೆಗೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿ, ಆಯುರ್ವೇದದ ಲೇಪವೋ ತೈಲವೋ ಹಚ್ಚಿದ್ದರೆ ಮುಚ್ಚಿಡದೆ ಹೇಳಿ. ಗಂಟಿಗೆ ನಡುವೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿದ್ದರೆ ಅದು ಚೀಟಿಯಲ್ಲಿ ದಾಖಲಾಗಿರಲೇಬೇಕು, ಇಲ್ಲದಿದ್ದರೆ ಕಡಿಮೆಯಾದ ಸಿಡಿ3 ಎಣಿಕೆಯ ಕೀರ್ತಿ ಹೊಸ ಔಷಧಕ್ಕೆ ಹೋಗುತ್ತದೆ. ಮೊದಲಿನ ಮೇಣದ ಅಚ್ಚುಗಳು ಲ್ಯಾಬಿನಲ್ಲಿಯೇ ಇರುತ್ತವೆ. ಎರಡನೆಯ ಸಲದ ಚೂರುಗಳ ಜೊತೆಗೆ ಅವುಗಳಿಂದಲೂ ಹೊಸ ಪದರಗಳನ್ನು ಕೊಯ್ದು, ಎರಡನ್ನೂ ಒಂದೇ ದಿನ ಒಂದೇ ಬಣ್ಣದಲ್ಲಿ ಓಡಿಸಿ, ಯಾವುದು ಮೊದಲಿನದು ಯಾವುದು ನಂತರದ್ದು ಎಂದು ತಿಳಿಯದವರಿಂದ ಎಣಿಸಿಸಲು ಸಾಧ್ಯವೇ ಎಂದು ಸಂಶೋಧಕರಲ್ಲಿ ವಿಚಾರಿಸಿ.